ಶೇಕ್ಸ್‌ಪಿಯರ್‌ನ ‘ಟ್ವೆಲ್ಫ್ತ್ ನೈಟ್’: ಕಥೆ, ಪಾತ್ರಗಳು, ಪದೇ ಪದೇ ಕೇಳುವ ಪ್ರಶ್ನೆಗಳು

ಈ ನಾಟಕವನ್ನು ಕಾಲೇಜಿನಲ್ಲಿ ಓದುವವರು, ಪಾಠ ಮಾಡುವವರು, ರಂಗದ ಮೇಲೆ ತರಲು ಹೊರಟವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ನಾಟಕದ ಕೊನೆ ಏನು ಅಂತ ಮುಚ್ಚಿಟ್ಟಿಲ್ಲ. ಮೊದಲ ಸಲ ಓದುವವರು ನಾಟಕ ಮುಗಿಸಿ ಬಂದರೆ ಒಳ್ಳೆಯದು.

ಕಥೆ ಚಿಕ್ಕದಾಗಿ ಹೇಳಿ.

ಇಲಿರಿಯಾ ಅಂತ ಒಂದು ಕಡಲತೀರದ ನಾಡು. ಅಲ್ಲಿನ ಡ್ಯೂಕ್ ಒರ್ಸಿನೋಗೆ ಒಲಿವಿಯಾ ಎಂಬ ಸಿರಿವಂತ ಮನೆತನದ ಹೆಣ್ಣಿನ ಮೇಲೆ ಮನಸ್ಸು. ಅವಳಿಗೆ ಅವನು ಬೇಡ. ಅಪ್ಪ ತೀರಿಕೊಂಡು ಒಂದು ವರ್ಷ ಆಗಿದೆ, ಅದರ ಬೆನ್ನಿಗೇ ಅಣ್ಣನೂ ಹೋದ. ಏಳು ವರ್ಷ ಮುಖಕ್ಕೆ ಮುಸುಕು ಹಾಕಿಕೊಂಡು ಅಣ್ಣನಿಗಾಗಿ ಅಳುತ್ತೇನೆ ಅಂತ ಅವಳು ನಿರ್ಧಾರ ಮಾಡಿದ್ದಾಳೆ.

ಇದೇ ಹೊತ್ತಿಗೆ ಹಡಗು ಒಡೆದು ವಯೋಲಾ ಎಂಬ ಹುಡುಗಿ ದಡ ಸೇರುತ್ತಾಳೆ. ಜೊತೆಗಿದ್ದ ಅವಳಿ ಸೋದರ ಸೆಬಾಸ್ಟಿಯನ್ ಮುಳುಗಿಹೋದ ಅಂತಲೇ ಅವಳು ತಿಳಿದಿದ್ದಾಳೆ. ಗಂಡಿನ ಬಟ್ಟೆ ತೊಟ್ಟು, ಸೆಸಾರಿಯೋ ಎಂಬ ಹೆಸರಲ್ಲಿ ಒರ್ಸಿನೋ ಹತ್ತಿರ ಕೆಲಸಕ್ಕೆ ಸೇರುತ್ತಾಳೆ. ಅವನು ಅವಳನ್ನೇ ಒಲಿವಿಯಾ ಬಳಿಗೆ ಪ್ರೇಮದ ದೂತನಾಗಿ ಕಳಿಸುತ್ತಾನೆ. ವಯೋಲಾಗೆ ಒರ್ಸಿನೋ ಮೇಲೆ ಪ್ರೀತಿ. ಒಲಿವಿಯಾಗೆ ಈ ‘ಹುಡುಗ’ನ ಮೇಲೆ ಪ್ರೀತಿ. ಸೆಬಾಸ್ಟಿಯನ್ ಬದುಕಿ ಅದೇ ಊರಿಗೆ ಬಂದಾಗ ಗೊಂದಲ ತುದಿ ಮುಟ್ಟುತ್ತದೆ. ಅವನನ್ನೇ ಸೆಸಾರಿಯೋ ಅಂದುಕೊಂಡು ಒಲಿವಿಯಾ ಮದುವೆಯಾಗುತ್ತಾಳೆ. ಕೊನೆಗೆ ಅವಳಿಗಳು ಎದುರುಬದುರಾಗುತ್ತಾರೆ, ಗಂಟು ಬಿಚ್ಚುತ್ತದೆ.

ಇದರ ಜೊತೆಗೇ ಒಲಿವಿಯಾ ಮನೆಯೊಳಗೆ ಇನ್ನೊಂದು ಕಥೆ ನಡೆಯುತ್ತದೆ. ಅಲ್ಲಿನ ಕುಡುಕ ನೆಂಟ ಸರ್ ಟೋಬಿ ಮತ್ತು ಅವನ ಜೊತೆಗಾರರು ಸೇರಿ ಮನೆಯ ಪಾರುಪತ್ತೇಗಾರ ಮಾಲ್ವೋಲಿಯೋನನ್ನು ಒಂದು ಸುಳ್ಳು ಪತ್ರದಿಂದ ಬೀಳಿಸುತ್ತಾರೆ.

ಯಾವಾಗ ಬರೆದದ್ದು? ಮೊದಲು ಎಲ್ಲಿ ಆಡಿದರು?

ಸುಮಾರು 1601ರಲ್ಲಿ ಬರೆದದ್ದು, ಅಂದರೆ ಮೊದಲನೇ ಎಲಿಜಬೆತ್ ರಾಣಿಯ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ. ದಾಖಲೆ ಸಿಕ್ಕಿರುವ ಮೊದಲ ಪ್ರದರ್ಶನ ನಡೆದದ್ದು 1602ರ ಫೆಬ್ರವರಿ 2ರಂದು, ಲಂಡನ್ನಿನ ಮಿಡಲ್ ಟೆಂಪಲ್ ಎಂಬ ವಕೀಲರ ಸಂಸ್ಥೆಯ ದೊಡ್ಡ ಹಾಲ್‌ನಲ್ಲಿ. ಆ ಹಾಲ್ ಇವತ್ತಿಗೂ ನಿಂತಿದೆ. ಅಲ್ಲಿ ಕಾನೂನು ಓದುತ್ತಿದ್ದ ಜಾನ್ ಮ್ಯಾನಿಂಗ್‌ಹ್ಯಾಮ್ ತನ್ನ ಡೈರಿಯಲ್ಲಿ ಈ ಆಟದ ಬಗ್ಗೆ ಬರೆದಿಟ್ಟ. ಅವನಿಗೆ ತುಂಬಾ ಹಿಡಿಸಿದ್ದು ಪಾರುಪತ್ತೇಗಾರನನ್ನು ಮೋಸ ಮಾಡುವ ಭಾಗ. ಒಲಿವಿಯಾಳನ್ನು ಅವನು ವಿಧವೆ ಅಂತ ಬರೆದಿದ್ದಾನೆ. ಅವಳು ಉಟ್ಟಿದ್ದ ಶೋಕದ ಬಟ್ಟೆ ನೋಡಿ ಹಾಗಂದುಕೊಂಡಿರಬೇಕು.

ಪುಸ್ತಕವಾಗಿ ಅಚ್ಚಾದದ್ದು 1623ರಲ್ಲಿ, ‘ಫಸ್ಟ್ ಫೋಲಿಯೋ’ ಎಂಬ ಸಂಗ್ರಹದಲ್ಲಿ. ಶೇಕ್ಸ್‌ಪಿಯರ್ ತೀರಿಕೊಂಡು ಆಗಲೇ ಏಳು ವರ್ಷ ಆಗಿತ್ತು.

ಈ ಹೆಸರಿಗೂ ಕಥೆಗೂ ಏನು ಸಂಬಂಧ?

ಕ್ರಿಸ್‌ಮಸ್ ಆದ ಮೇಲಿನ ಹನ್ನೆರಡನೇ ರಾತ್ರಿ, ಜನವರಿ 5 ಅಥವಾ 6, ಆ ಕಾಲದ ಇಂಗ್ಲೆಂಡಿನಲ್ಲಿ ದೊಡ್ಡ ಮೋಜಿನ ದಿನ. ಹಬ್ಬದ ದಿನಗಳಲ್ಲಿ ಕೆಲವು ಮನೆಗಳಲ್ಲಿ ಆಳನ್ನೇ ಒಡೆಯನ ಜಾಗದಲ್ಲಿ ಕೂರಿಸುವ ರೂಢಿ ಇತ್ತು. ಹಬ್ಬ ಮುಗಿದರೆ ಎಲ್ಲರೂ ತಮ್ಮ ತಮ್ಮ ಜಾಗಕ್ಕೆ ವಾಪಸ್. ನಾಟಕದೊಳಗೆ ಆ ಹಬ್ಬದ ಮಾತೇ ಬರುವುದಿಲ್ಲ. ಡೈರಿ ಬರೆಯುವುದಕ್ಕೆ ಹೆಸರಾದ ಸ್ಯಾಮ್ಯುಯೆಲ್ ಪೀಪ್ಸ್ 1663ರ ಜನವರಿ 6ರಂದೇ ಇದನ್ನು ನೋಡಿ, ಹೆಸರಿಗೂ ದಿನಕ್ಕೂ ಸಂಬಂಧವೇ ಇಲ್ಲ, ಪೆದ್ದು ನಾಟಕ ಅಂತ ಬರೆದುಬಿಟ್ಟ. ಅವನ ಮಾತು ನಾನು ಒಪ್ಪುವುದಿಲ್ಲ. ಹೆಣ್ಣು ಗಂಡಾಗುವುದು, ಮನೆಯ ಕೆಲಸದವನು ಒಡೆಯನಾಗುವ ಕನಸು ಕಾಣುವುದು, ವಿದೂಷಕ ಒಡತಿಗೆ ಬುದ್ಧಿ ಹೇಳುವುದು, ಎಲ್ಲ ಆ ರಾತ್ರಿಯ ತಲೆಕೆಳಗಾದ ಲೋಕವೇ ಅಲ್ವಾ?

ಇಲಿರಿಯಾ ನಿಜವಾದ ಜಾಗವಾ?

ಹೌದು. ಏಡ್ರಿಯಾಟಿಕ್ ಸಮುದ್ರದ ಪೂರ್ವದ ದಡಕ್ಕೆ ಹಳೆಯ ಕಾಲದಲ್ಲಿ ಇದ್ದ ಹೆಸರು. ಈಗಿನ ಕ್ರೊಯೇಷಿಯಾ, ಅಲ್ಬೇನಿಯಾ ಇರುವ ಕಡೆ. ಆದರೆ ನಾಟಕದ ಇಲಿರಿಯಾದಲ್ಲಿ ಸರ್ ಟೋಬಿಯಂಥ ಅಪ್ಪಟ ಇಂಗ್ಲಿಷ್ ಕುಡುಕರು ಓಡಾಡುತ್ತಾರೆ. ಆದ್ದರಿಂದ ಭೂಪಟ ಹಿಡಿದು ಓದುವ ಅಗತ್ಯ ಇಲ್ಲ.

ಇದನ್ನು ನಗೆನಾಟಕ ಅಂತಾರೆ. ಆದರೆ ಶುರುವಿನಲ್ಲೇ ಇಷ್ಟೊಂದು ಸಾವು ಯಾಕೆ?

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಪ್ರಶ್ನೆ ಇದು. ವಯೋಲಾ ಸೋದರನನ್ನು ಕಳೆದುಕೊಂಡಿದ್ದಾಳೆ, ಒಲಿವಿಯಾನೂ ಸೋದರನನ್ನು ಕಳೆದುಕೊಂಡಿದ್ದಾಳೆ. ಇಬ್ಬರಿಗೂ ಅಪ್ಪ ಇಲ್ಲ. ಒಂದೇ ನೋವಿಗೆ ಇಬ್ಬರು ಹೆಣ್ಣುಮಕ್ಕಳು ಕೊಡುವ ಎರಡು ಬೇರೆ ಬೇರೆ ಉತ್ತರವನ್ನು ಶೇಕ್ಸ್‌ಪಿಯರ್ ಪಕ್ಕಪಕ್ಕದಲ್ಲಿ ಇಟ್ಟು ತೋರಿಸುತ್ತಾನೆ. ಒಬ್ಬಳು ಬಾಗಿಲು ಹಾಕಿಕೊಳ್ಳುತ್ತಾಳೆ. ಇನ್ನೊಬ್ಬಳು ಒದ್ದೆ ಬಟ್ಟೆಯಲ್ಲೇ ನಿಂತು, ಇದು ಯಾವ ಊರು, ಇಲ್ಲಿ ಆಳುವವರು ಯಾರು, ನಾನು ಏನು ಮಾಡಲಿ ಅಂತ ಕೇಳುತ್ತಾಳೆ.

ಇದು ಸುಮ್ನೆ ಬಂದದ್ದಲ್ಲ. ಶೇಕ್ಸ್‌ಪಿಯರ್ ಮುಂದಿದ್ದ ಮೂಲ ಕಥೆಗಳಲ್ಲಿ ಒಂದು ಬಾರ್ನಬಿ ರಿಚ್ 1581ರಲ್ಲಿ ಪ್ರಕಟಿಸಿದ ಅಪೊಲೋನಿಯಸ್ ಮತ್ತು ಸಿಲ್ಲಾ ಕಥೆ. ಅದರಲ್ಲಿ ಒಲಿವಿಯಾ ಜಾಗದಲ್ಲಿ ಇರುವವಳು ವಿಧವೆ. ಆ ಗಂಡನನ್ನು ತೆಗೆದು ಅಣ್ಣನ ಸಾವನ್ನು ತಂದವನು ಶೇಕ್ಸ್‌ಪಿಯರ್. ಆ ಒಂದು ಬದಲಾವಣೆಯಿಂದ ಇಬ್ಬರು ನಾಯಕಿಯರು ಒಬ್ಬರಿಗೊಬ್ಬರು ಕನ್ನಡಿಯಾದರು.

ಅವನ ಬದುಕಿನ ಒಂದು ಸಂಗತಿಯನ್ನೂ ಇಲ್ಲಿ ನೆನೆಯಬೇಕು. ಅವನಿಗೆ ಹ್ಯಾಮ್ನೆಟ್ ಮತ್ತು ಜುಡಿತ್ ಎಂಬ ಗಂಡು-ಹೆಣ್ಣು ಅವಳಿ ಮಕ್ಕಳಿದ್ದರು. ಹ್ಯಾಮ್ನೆಟ್ 1596ರಲ್ಲಿ, ಹನ್ನೊಂದನೇ ವಯಸ್ಸಿನಲ್ಲಿ ತೀರಿಕೊಂಡ. ಐದಾರು ವರ್ಷದ ಮೇಲೆ ಬಂದ ಈ ನಾಟಕದಲ್ಲಿ ಸತ್ತನೆಂದುಕೊಂಡ ಅವಳಿ ಹುಡುಗ ಸಮುದ್ರದಿಂದ ಎದ್ದು ಬರುತ್ತಾನೆ. ಬರೆಯುವಾಗ ಅವನ ಮನಸ್ಸಿನಲ್ಲಿ ಏನಿತ್ತು ಅಂತ ಯಾರೂ ಹೇಳಲಾರರು. ಆದರೂ ಕೊನೆಯ ದೃಶ್ಯವನ್ನು ಓದುವಾಗ ಈ ಸಂಗತಿಯನ್ನು ಪಕ್ಕಕ್ಕೆ ಸರಿಸಲು ನನಗೆ ಆಗುವುದಿಲ್ಲ.

ವಯೋಲಾ ಗಂಡಿನ ವೇಷ ಹಾಕುವುದು ಯಾಕೆ?

ಅಪರಿಚಿತ ನಾಡಿನಲ್ಲಿ ಒಂಟಿ ಹೆಣ್ಣು. ಅದು ಹೊರಗೆ ಕಾಣುವ ಕಾರಣ. ಆದರೆ ಅವಳು ಮೊದಲು ಆಸೆ ಪಟ್ಟದ್ದು ಒಲಿವಿಯಾ ಮನೆಯಲ್ಲಿ ಕೆಲಸ ಮಾಡಬೇಕು ಅಂತ. ತನ್ನಂತೆಯೇ ಅಣ್ಣನಿಗಾಗಿ ಅಳುತ್ತಿರುವ ಹೆಣ್ಣಿನ ಹತ್ತಿರ ಹೋಗಬೇಕು ಅಂತ. ಒಲಿವಿಯಾ ಯಾರನ್ನೂ ಒಳಗೆ ಬಿಟ್ಟುಕೊಳ್ಳುವುದಿಲ್ಲ ಎಂದು ಗೊತ್ತಾದ ಮೇಲೆಯೇ ಒರ್ಸಿನೋ ಹತ್ತಿರ ಹೋಗುತ್ತಾಳೆ. ಓದುವಾಗ ಇದು ಸುಲಭವಾಗಿ ಕಣ್ಣು ತಪ್ಪುತ್ತದೆ.

ತನ್ನ ಸೋದರನ ಥರವೇ ಬಟ್ಟೆ ತೊಟ್ಟೆ, ಅವನನ್ನೇ ಅನುಕರಿಸಿದೆ ಅಂತ ಮೂರನೇ ಅಂಕದಲ್ಲಿ ಅವಳೇ ಹೇಳುತ್ತಾಳೆ. ಹೋದವನನ್ನು ತನ್ನ ಮೈಮೇಲೆ ಉಳಿಸಿಕೊಂಡಿದ್ದಾಳೆ. ಆದರೆ ವೇಷ ಅವಳ ಬಾಯನ್ನೂ ಕಟ್ಟಿಹಾಕುತ್ತದೆ. ಒಲಿವಿಯಾ ತನ್ನನ್ನು ಮೆಚ್ಚಿದ್ದಾಳೆ ಅಂತ ತಿಳಿದಾಗ ಅವಳು ಗೆದ್ದೆ ಅಂತ ಹಿಗ್ಗುವುದಿಲ್ಲ. ಈ ವೇಷ ಕೆಟ್ಟದ್ದು ಅನ್ನುತ್ತಾಳೆ, ಒಲಿವಿಯಾಗಾಗಿ ಮರುಗುತ್ತಾಳೆ. ಈ ಗಂಟನ್ನು ನಾನು ಬಿಚ್ಚಲಾರೆ, ಕಾಲವೇ ಬಿಚ್ಚಬೇಕು ಎನ್ನುತ್ತಾಳೆ. ಪೈಪೋಟಿಯಲ್ಲಿರುವ ಹೆಣ್ಣಿನ ಬಗ್ಗೆ ಇಷ್ಟು ಕರುಣೆ ಇರುವ ನಾಯಕಿ ಅಪರೂಪ.

ಒರ್ಸಿನೋಗೆ ಒಲಿವಿಯಾ ಮೇಲೆ ಇರುವುದು ನಿಜವಾದ ಪ್ರೀತಿಯಾ?

ಅವನಿಗೆ ಪ್ರೀತಿಸುತ್ತಿರುವ ತನ್ನ ಮೇಲೆಯೇ ಪ್ರೀತಿ ಜಾಸ್ತಿ. ನಾಟಕ ಶುರುವಾಗುವಾಗ ಸಂಗೀತ ಕೇಳುತ್ತಾ ಕೂತಿದ್ದಾನೆ. ಇನ್ನಷ್ಟು ಬೇಕು ಅನ್ನುತ್ತಾನೆ, ಮರುಕ್ಷಣವೇ ಸಾಕು, ಮೊದಲಿನಷ್ಟು ಇಂಪಾಗಿಲ್ಲ ಅನ್ನುತ್ತಾನೆ. ಕೊನೆಯ ಅಂಕದವರೆಗೂ ಒಮ್ಮೆಯೂ ಒಲಿವಿಯಾ ಎದುರಿಗೆ ತಾನೇ ಬರುವುದಿಲ್ಲ. ಎಲ್ಲ ಬೇರೆಯವರ ಬಾಯಲ್ಲಿ.

ಎರಡನೇ ಅಂಕದ ನಾಲ್ಕನೇ ದೃಶ್ಯ ನೋಡಿ. ಗಂಡಸರ ಮನಸ್ಸೇ ಹೆಂಗಸರದ್ದಕ್ಕಿಂತ ಚಂಚಲ ಅನ್ನುತ್ತಾನೆ. ಸ್ವಲ್ಪ ಹೊತ್ತಿಗೇ ಮಾತು ತಿರುಗಿಸಿ, ನನ್ನಷ್ಟು ದೊಡ್ಡ ಪ್ರೀತಿಯನ್ನು ಹಿಡಿದಿಡುವ ಶಕ್ತಿ ಯಾವ ಹೆಣ್ಣಿನ ಎದೆಗೂ ಇಲ್ಲ ಅನ್ನುತ್ತಾನೆ. ಎದುರಿಗೆ ನಿಂತವಳು ಅವನನ್ನೇ ಪ್ರೀತಿಸುತ್ತಿರುವ ಹೆಣ್ಣು. ಆಗ ಅವಳು ನನ್ನಪ್ಪನಿಗೆ ಒಬ್ಬ ಮಗಳಿದ್ದಳು ಅಂತ ಕಥೆ ಶುರು ಮಾಡುತ್ತಾಳೆ. ಆ ಮಗಳು ಒಬ್ಬನನ್ನು ಪ್ರೀತಿಸಿದಳು, ಬಾಯಿ ಬಿಡಲಿಲ್ಲ, ಕಲ್ಲಿನ ಮೂರ್ತಿಯ ಹಾಗೆ ಕೂತು ದುಃಖವನ್ನು ನೋಡಿ ನಕ್ಕಳು. ಅವಳು ಸತ್ತಳಾ ಅಂತ ಒರ್ಸಿನೋ ಕೇಳುತ್ತಾನೆ. ಬೇರೆಯವರ ಕಥೆಗೆ ಅವನು ಕಿವಿಗೊಟ್ಟದ್ದು ಇಲ್ಲೇ ಮೊದಲು. ಅವನು ಬದಲಾಗಲು ಶುರುವಾದದ್ದು ಇಲ್ಲಿಂದ ಅಂತ ನನ್ನ ನಂಬಿಕೆ. ಈ ದೃಶ್ಯ ಇಲ್ಲದಿದ್ದರೆ ಕೊನೆಯ ಮದುವೆಯನ್ನು ನಂಬಲು ಆಗುತ್ತಿರಲಿಲ್ಲ.

ಏಳು ವರ್ಷ ಅಳುತ್ತೇನೆ ಎಂದವಳು ಒಂದೇ ಭೇಟಿಯಲ್ಲಿ ಮನಸೋತದ್ದು ಹೇಗೆ?

ಅವಳಿಗೂ ಒಳಗೊಳಗೇ ಆ ಮುಸುಕು ಭಾರವಾಗಿತ್ತು. ಅದಕ್ಕೆ ಮೊದಲೇ ವಿದೂಷಕ ಫೆಸ್ಟೆ ಅದನ್ನು ಸಡಿಲ ಮಾಡಿದ್ದಾನೆ. ನಿಮ್ಮಣ್ಣ ನರಕದಲ್ಲಿದ್ದಾನೆ ಅನಿಸುತ್ತದೆ ಅನ್ನುತ್ತಾನೆ. ಇಲ್ಲ, ಸ್ವರ್ಗದಲ್ಲಿದ್ದಾನೆ ಅನ್ನುತ್ತಾಳೆ. ಸ್ವರ್ಗದಲ್ಲಿರುವವನಿಗಾಗಿ ಅಳುವ ನೀವೇ ಪೆದ್ದರು ಅನ್ನುತ್ತಾನೆ. ಅವಳು ಸಿಟ್ಟಾಗುವುದಿಲ್ಲ.

ಆಮೇಲೆ ಸೆಸಾರಿಯೋ ಬರುತ್ತಾನೆ. ಒರ್ಸಿನೋ ಕಳಿಸಿದ ಬಾಯಿಪಾಠದ ಹೊಗಳಿಕೆ ಒಲಿವಿಯಾಗೆ ರುಚಿಸುವುದಿಲ್ಲ. ನೀನಾಗಿದ್ದರೆ ಏನು ಮಾಡುತ್ತಿದ್ದೆ ಅಂತ ಕೇಳುತ್ತಾಳೆ. ನಿಮ್ಮ ಬಾಗಿಲಲ್ಲೇ ಗುಡಿಸಲು ಕಟ್ಟಿಕೊಂಡು, ನಡುರಾತ್ರಿಯಲ್ಲೂ ಹಾಡುತ್ತಾ, ಬೆಟ್ಟಗಳೆಲ್ಲ ಮಾರ್ದನಿ ಕೊಡುವ ಹಾಗೆ ನಿಮ್ಮ ಹೆಸರು ಕೂಗುತ್ತಿದ್ದೆ ಅಂತ ಉತ್ತರ ಬರುತ್ತದೆ. ಬಾಯಿಪಾಠ ಬಿಟ್ಟು ಸ್ವಂತ ಎದೆಯಿಂದ ಬಂದ ಮಾತು ಅದು. ಒಲಿವಿಯಾ ಸೋತದ್ದು ಅದಕ್ಕೆ.

ಗಂಡು-ಹೆಣ್ಣು ಅವಳಿಗಳು ಗುರುತು ಸಿಗದಷ್ಟು ಒಂದೇ ಥರ ಇರಬಹುದಾ?

ತದ್ರೂಪಿ ಅವಳಿಗಳು ಸಾಮಾನ್ಯವಾಗಿ ಇಬ್ಬರೂ ಗಂಡು ಇಲ್ಲ ಇಬ್ಬರೂ ಹೆಣ್ಣು. ರಂಗದ ಮೇಲೆ ಒಂದೇ ಬಗೆಯ ಉಡುಪು ಆ ಕೆಲಸ ಮಾಡುತ್ತದೆ. ನೋಡುವವರು ನಂಬಲು ಒಪ್ಪಿಯೇ ಕೂತಿರುತ್ತಾರೆ.

ಆ ಕಾಲದಲ್ಲಿ ವಯೋಲಾ ಪಾತ್ರವನ್ನು ಯಾರು ಮಾಡುತ್ತಿದ್ದರು?

ಹುಡುಗರು. ಇಂಗ್ಲೆಂಡಿನ ವೃತ್ತಿ ರಂಗದಲ್ಲಿ ಆಗ ಹೆಂಗಸರು ನಟಿಸುತ್ತಿರಲಿಲ್ಲ. ಅಂದರೆ ಒಬ್ಬ ಹುಡುಗ ಹೆಣ್ಣಾಗಿ, ಆ ಹೆಣ್ಣು ಮತ್ತೆ ಹುಡುಗನಾಗಿ ನಿಲ್ಲಬೇಕು. ಯಕ್ಷಗಾನದ ಸ್ತ್ರೀವೇಷ ನೋಡಿ ಬೆಳೆದವರಿಗೆ, ಕಂಪನಿ ನಾಟಕಗಳಲ್ಲಿ ಗಂಡಸರೇ ನಾಯಕಿಯರಾಗಿದ್ದ ಕಾಲ ಗೊತ್ತಿರುವವರಿಗೆ ಇದು ಹೊಸದೇನಲ್ಲ. ವೇಷಧಾರಿ ಗಂಡು ಅಂತ ಗೊತ್ತಿದ್ದೂ ನಾವು ಆ ದಮಯಂತಿಗಾಗಿ ಕಣ್ಣೀರು ಹಾಕುತ್ತೇವೆ. ಈ ಹಳೆಯ ಪದ್ಧತಿಯನ್ನು ಲಂಡನ್ನಿನ ಗ್ಲೋಬ್ ರಂಗಮಂದಿರದ ತಂಡವೂ ಮತ್ತೆ ತಂದಿತು. ಮೊದಲ ಪ್ರದರ್ಶನಕ್ಕೆ 400 ವರ್ಷ ತುಂಬಿದಾಗ, 2002ರಲ್ಲಿ, ಅದೇ ಮಿಡಲ್ ಟೆಂಪಲ್ ಹಾಲ್‌ನಲ್ಲಿ ಗಂಡಸರೇ ಸೇರಿ ಈ ನಾಟಕ ಆಡಿದರು. ಒಲಿವಿಯಾ ಆಗಿದ್ದವರು ಮಾರ್ಕ್ ರೈಲನ್ಸ್.

ಮಾಲ್ವೋಲಿಯೋಗೆ ಮಾಡಿದ್ದು ಸರಿಯಾ?

ಅರ್ಧ ದಾರಿಯವರೆಗೆ ನಗಬಹುದು. ಅಲ್ಲಿಂದ ಮುಂದೆ ನನಗೆ ನಗು ಬರುವುದಿಲ್ಲ.

ಮಾಲ್ವೋಲಿಯೋ ಮನೆ ನೋಡಿಕೊಳ್ಳುವ ಕಟ್ಟುನಿಟ್ಟಿನ ಮನುಷ್ಯ. ಬೇರೆಯವರ ಖುಷಿ ಅವನಿಗೆ ಸಹಿಸದು. ನಡುರಾತ್ರಿ ಹಾಡಿ ಕುಣಿಯುತ್ತಿದ್ದ ಸರ್ ಟೋಬಿ, ಅವನ ಜೊತೆಗಾರ ಸರ್ ಆಂಡ್ರ್ಯೂ, ಫೆಸ್ಟೆಯನ್ನು ಗದರಿಸುತ್ತಾನೆ. ಗದರಿಸಿದ್ದು ನ್ಯಾಯವೇ, ಮನೆಯಲ್ಲಿ ಸಾವಾಗಿದೆ. ಆದರೆ ಹೇಳಿದ ರೀತಿಯಲ್ಲಿ ಸೊಕ್ಕಿದೆ. ಅದಕ್ಕೆ ಒಲಿವಿಯಾಳ ಸಹಾಯಕಿ ಮರಿಯಾ ಒಡತಿಯ ಕೈಬರಹದಂತೆ ಒಂದು ಪ್ರೇಮಪತ್ರ ಬರೆದು ಅವನ ದಾರಿಯಲ್ಲಿ ಹಾಕುತ್ತಾಳೆ. ಹಳದಿ ಕಾಲುಚೀಲ ಹಾಕು, ಮೇಲೆ ಅಡ್ಡಡ್ಡ ಪಟ್ಟಿ ಕಟ್ಟು, ನನ್ನ ಎದುರು ಸದಾ ನಗುತ್ತಿರು ಅಂತ. ಒಲಿವಿಯಾಗೆ ಹಳದಿ ಕಂಡರಾಗದು. ನಗು ನೋಡುವ ಮನಸ್ಥಿತಿಯೂ ಅಲ್ಲ.

ಇಲ್ಲಿ ಒಂದು ಸೂಕ್ಷ್ಮ ಇದೆ. ಪತ್ರ ಕಣ್ಣಿಗೆ ಬೀಳುವ ಮೊದಲೇ ಮಾಲ್ವೋಲಿಯೋ ಕನಸು ಕಾಣುತ್ತಿದ್ದಾನೆ. ಒಲಿವಿಯಾಳನ್ನು ಮದುವೆಯಾಗಿ, ಮಖಮಲ್ ನಿಲುವಂಗಿ ತೊಟ್ಟು, ಟೋಬಿಯನ್ನು ಕರೆಸಿ ಬುದ್ಧಿ ಹೇಳುವ ಕನಸು. ಪತ್ರ ಅವನೊಳಗೆ ಇಲ್ಲದ್ದೇನನ್ನೂ ಹುಟ್ಟಿಸಲಿಲ್ಲ. ಒರ್ಸಿನೋ ಹಾಗೆ ಅವನೂ ತನ್ನ ಚಿತ್ರವನ್ನೇ ಪ್ರೀತಿಸುವವನು. ಒಬ್ಬ ಡ್ಯೂಕ್ ಆದ್ದರಿಂದ ಅವನ ಹುಚ್ಚಿಗೆ ಕಾವ್ಯದ ಬೆಲೆ, ಇನ್ನೊಬ್ಬ ಸಂಬಳದವನು ಆದ್ದರಿಂದ ಕತ್ತಲ ಕೋಣೆ.

ಆ ಕತ್ತಲ ಕೋಣೆ ನಾಲ್ಕನೇ ಅಂಕದಲ್ಲಿ ಬರುತ್ತದೆ. ಹುಚ್ಚು ಹಿಡಿದವರನ್ನು ಕತ್ತಲಲ್ಲಿ ಕಟ್ಟಿಹಾಕುವುದು ಆ ಕಾಲದ ಚಿಕಿತ್ಸೆ. ಫೆಸ್ಟೆ ಪಾದ್ರಿಯ ದನಿಯಲ್ಲಿ ಅವನನ್ನು ಕಾಡುತ್ತಾನೆ. ಕೋಣೆ ಬೆಳಕಾಗಿದೆ ಅನ್ನುತ್ತಾನೆ. ಅಜ್ಜಿಯ ಆತ್ಮ ಹಕ್ಕಿಯಲ್ಲಿ ಹುಟ್ಟಬಹುದು ಎಂಬ ಪೈಥಾಗೊರಸ್‌ನ ಮಾತು ಒಪ್ಪುತ್ತೀಯಾ ಅಂತ ಕೇಳುತ್ತಾನೆ. ಮಾಲ್ವೋಲಿಯೋ ಒಪ್ಪುವುದಿಲ್ಲ. ಒಪ್ಪುವ ತನಕ ಕತ್ತಲಲ್ಲೇ ಇರು ಅನ್ನುತ್ತಾನೆ ಫೆಸ್ಟೆ. ನಾಟಕದ ಉದ್ದಕ್ಕೂ ಹುಚ್ಚುಚ್ಚಾಗಿ ಆಡಿದವರ ನಡುವೆ ಈ ಒಂದು ಹೊತ್ತಿನಲ್ಲಿ ಸ್ಥಿಮಿತ ಕಳೆದುಕೊಳ್ಳದೆ ದೀಪ, ಲೇಖನಿ, ಶಾಯಿ, ಕಾಗದ ಕೊಡಿ ಅಂತ ಬೇಡುವವನು ಮಾಲ್ವೋಲಿಯೋ. ಟೋಬಿಗೂ ಈ ಆಟ ಸಾಕಾಗುತ್ತದೆ. ಆದರೆ ಕರುಣೆಯಿಂದಲ್ಲ, ಒಲಿವಿಯಾ ಸಿಟ್ಟಾದಳೆಂಬ ಭಯದಿಂದ.

ಅವನ ಕೊನೆಯ ಮಾತು: ನಿಮ್ಮ ಇಡೀ ಗುಂಪಿನ ಮೇಲೆ ಸೇಡು ತೀರಿಸಿಕೊಳ್ಳುತ್ತೇನೆ. ಇವನಿಗೆ ಘೋರ ಅನ್ಯಾಯ ಆಗಿದೆ ಅಂತ ಒಲಿವಿಯಾಳೇ ಒಪ್ಪುತ್ತಾಳೆ. ನೋಡುವವರ ಮನಸ್ಸನ್ನು ಈ ಪಾತ್ರ ಎಷ್ಟು ಹಿಡಿದಿತ್ತು ಅಂದರೆ, ಮೊದಲನೇ ಚಾರ್ಲ್ಸ್ ರಾಜ ತನ್ನ ಪ್ರತಿಯಲ್ಲಿ ನಾಟಕದ ಹೆಸರಿನ ಪಕ್ಕ ‘ಮಾಲ್ವೋಲಿಯೋ’ ಅಂತ ಕೈಯಾರೆ ಬರೆದಿಟ್ಟಿದ್ದ.

ಸರ್ ಆಂಡ್ರ್ಯೂ ಬರೀ ನಗಿಸುವುದಕ್ಕೆ ಇರುವವನಾ?

ವರ್ಷಕ್ಕೆ ಮೂರು ಸಾವಿರ ಡಕ್ಯಾಟ್ ವರಮಾನ ಇರುವ ದಡ್ಡ. ಒಲಿವಿಯಾಳನ್ನು ಕೊಡಿಸುತ್ತೇನೆ ಅಂತ ನಂಬಿಸಿ ಟೋಬಿ ಅವನ ದುಡ್ಡಲ್ಲಿ ಕುಡಿಯುತ್ತಾನೆ. ಆದರೆ ಒಂದು ಕಡೆ ಆಂಡ್ರ್ಯೂ ಇದ್ದಕ್ಕಿದ್ದಂತೆ ನನ್ನನ್ನೂ ಒಬ್ಬರು ಒಂದು ಕಾಲದಲ್ಲಿ ತುಂಬಾ ಪ್ರೀತಿಸಿದ್ದರು ಅನ್ನುತ್ತಾನೆ. ಯಾರು, ಯಾವಾಗ, ಏನೂ ಹೇಳುವುದಿಲ್ಲ. ಟೋಬಿ ಅದನ್ನು ಕೇಳಿಸಿಕೊಳ್ಳದೆ ಇನ್ನಷ್ಟು ದುಡ್ಡು ತರಿಸು ಅನ್ನುತ್ತಾನೆ. ಈ ಪಾತ್ರ ಮಾಡುವ ನಟರು ಆ ಒಂದು ಸಾಲನ್ನು ಗಡಿಬಿಡಿಯಲ್ಲಿ ನುಂಗಬಾರದು.

ಆಂಟೋನಿಯೋ ಯಾರು? ಕೊನೆಗೆ ಅವನಿಗೆ ಏನಾಗುತ್ತದೆ?

ಸೆಬಾಸ್ಟಿಯನ್‌ನನ್ನು ನೀರಿನಿಂದ ಎತ್ತಿ ಬದುಕಿಸಿದವನು. ಹಿಂದೆ ಒರ್ಸಿನೋ ಹಡಗುಗಳ ಮೇಲೆ ಕಾದಾಡಿದ್ದರಿಂದ ಇಲಿರಿಯಾದಲ್ಲಿ ಸಿಕ್ಕಿಬಿದ್ದರೆ ಅವನ ಜೀವಕ್ಕೇ ಅಪಾಯ. ಆದರೂ ಸೆಬಾಸ್ಟಿಯನ್ ಮೇಲಿನ ಪ್ರೀತಿಗೆ ಹಿಂದೆಯೇ ಬರುತ್ತಾನೆ, ತನ್ನ ಹಣದ ಚೀಲವನ್ನೂ ಕೊಡುತ್ತಾನೆ. ಆ ಪ್ರೀತಿಯನ್ನು ಗೆಳೆತನ ಅಂತಲೂ ಓದಬಹುದು, ಅದಕ್ಕಿಂತ ಮುಂದಿನದ್ದು ಅಂತಲೂ ಓದಬಹುದು. ಅವನ ಮಾತಿನ ಕಾವು ನೋಡಿದರೆ ನನಗೆ ಎರಡನೆಯದೇ ಸರಿ ಅನಿಸುತ್ತದೆ. ವಯೋಲಾಳನ್ನು ಸೆಬಾಸ್ಟಿಯನ್ ಅಂದುಕೊಂಡು ಕಾಪಾಡಲು ಹೋಗಿ ಸೆರೆಯಾಗುತ್ತಾನೆ. ಅವಳು ನೀನು ಯಾರೋ ಗೊತ್ತಿಲ್ಲ ಅಂದಾಗ ಅವನ ಎದೆ ಒಡೆಯುತ್ತದೆ. ಕೊನೆಗೆ ನಿಜ ಗೊತ್ತಾಗುತ್ತದೆ. ಜೋಡಿಗಳೆಲ್ಲ ಒಂದಾಗುವಾಗ ಅವನು ಮಾತಿಲ್ಲದೆ ನಿಂತಿರುತ್ತಾನೆ. ಒರ್ಸಿನೋ ಕ್ಷಮಿಸಿದ ಅಂತಲೂ ನಾಟಕದಲ್ಲಿ ಬರೆದಿಲ್ಲ. ಅವನನ್ನು ಎಲ್ಲಿ ನಿಲ್ಲಿಸಬೇಕು, ಹೇಗೆ ಕಳಿಸಬೇಕು ಅನ್ನುವುದು ನಿರ್ದೇಶಕರ ಪಾಲಿನ ಕೆಲಸ.

ಫೆಸ್ಟೆ ಯಾಕೆ ಅಷ್ಟು ಮುಖ್ಯ?

ಒರ್ಸಿನೋ ಮನೆ, ಒಲಿವಿಯಾ ಮನೆ ಎರಡರಲ್ಲೂ ಸಲೀಸಾಗಿ ಓಡಾಡುವ ಹಾಡುಗಾರ ಅವನು. ಎಲ್ಲರಿಂದ ಕಾಸು ಪಡೆಯುತ್ತಾನೆ, ಯಾರಿಗೂ ಸೇರಿದವನಲ್ಲ. ಈ ಪಾತ್ರವನ್ನು ಮಾಡಿದವನು ರಾಬರ್ಟ್ ಆರ್ಮಿನ್ ಎಂಬ ಹಾಡು ಬಲ್ಲ ನಟ ಅಂತ ವಿದ್ವಾಂಸರು ನಂಬುತ್ತಾರೆ. ಪ್ರೀತಿ ಈಗಲೇ ಬೇಕು, ಯೌವನ ನಿಲ್ಲುವುದಿಲ್ಲ ಅಂತ ಒಂದು ಹಾಡು. ಸಾವೇ ಬಾ ಅಂತ ಇನ್ನೊಂದು. ಕೊನೆಯಲ್ಲಿ ಎಲ್ಲರೂ ಹೋದ ಮೇಲೆ, ದಿನವೂ ಮಳೆ ಸುರಿಯುತ್ತದೆ ಅಂತ ಹಾಡಲು ಉಳಿಯುವವನು ಅವನೇ.

ಇದು ಸುಖಾಂತ್ಯ ಅಂತ ಹೇಳಬಹುದಾ?

ಅವಳಿಗಳ ಮಟ್ಟಿಗೆ ಖಂಡಿತ. ಆ ಭೇಟಿಯನ್ನು ಶೇಕ್ಸ್‌ಪಿಯರ್ ಎಷ್ಟು ನಿಧಾನವಾಗಿ ಬರೆದಿದ್ದಾನೆ ನೋಡಿ. ಸೋದರ ಬದುಕಿರಬಹುದು ಅಂತ ವಯೋಲಾಗೆ ಮೂರನೇ ಅಂಕದಲ್ಲೇ ಆಸೆ ಹುಟ್ಟಿದೆ, ಆಂಟೋನಿಯೋ ಅವಳನ್ನು ಸೆಬಾಸ್ಟಿಯನ್ ಅಂತ ಕರೆದಿದ್ದ. ಆದರೂ ಎದುರಿಗೆ ಕಂಡಾಗ ಓಡಿ ಅಪ್ಪಿಕೊಳ್ಳುವುದಿಲ್ಲ. ನಮ್ಮಪ್ಪನ ಹುಬ್ಬಿನ ಹತ್ತಿರ ಮಚ್ಚೆ ಇತ್ತು ಅನ್ನುತ್ತಾಳೆ. ನಮ್ಮಪ್ಪನಿಗೂ ಇತ್ತು ಅನ್ನುತ್ತಾನೆ. ವಯೋಲಾಗೆ ಹದಿಮೂರು ತುಂಬಿದ ದಿನ ಅಪ್ಪ ಹೋದರು ಅನ್ನುತ್ತಾಳೆ. ಒಮ್ಮೆ ಕಳೆದುಕೊಂಡವರಿಗೆ ಮತ್ತೆ ನಂಬಲು ಹೆದರಿಕೆ. ಇನ್ನೊಂದು ಮಾತು: ನಾಟಕದಲ್ಲಿ ಯಾರಾದರೂ ‘ವಯೋಲಾ’ ಅನ್ನುವ ಹೆಸರನ್ನು ಬಾಯಿಬಿಟ್ಟು ಹೇಳುವುದು ಇಲ್ಲೇ ಮೊದಲು. ಅಲ್ಲಿಯವರೆಗೆ ನೋಡುವವರಿಗೆ ಅವಳ ಹೆಸರೇ ಕೇಳಿರುವುದಿಲ್ಲ.

ಮಿಕ್ಕವರ ಮಟ್ಟಿಗೆ ಅಷ್ಟು ನಿಶ್ಚಿಂತೆ ಇಲ್ಲ. ವಯೋಲಾ ಕೊನೆಯವರೆಗೂ ಹೆಣ್ಣಿನ ಉಡುಗೆಯಲ್ಲಿ ಕಾಣುವುದಿಲ್ಲ. ಅವಳ ಬಟ್ಟೆ ಇರುವುದು ಹಡಗಿನ ಕ್ಯಾಪ್ಟನ್ ಹತ್ತಿರ. ಅವನು ಜೈಲಿನಲ್ಲಿದ್ದಾನೆ. ಹಾಕಿಸಿದವನು ಮಾಲ್ವೋಲಿಯೋ. ಅವನೋ ಸಿಟ್ಟು ಮಾಡಿಕೊಂಡು ಹೊರಟುಹೋದ. ಒರ್ಸಿನೋ ಅವನ ಹಿಂದೆ ಜನ ಕಳಿಸಿ ಸಮಾಧಾನ ಮಾಡಿಸಿ ಅನ್ನುತ್ತಾನೆ, ವಯೋಲಾಳನ್ನು ಇನ್ನೂ ಸೆಸಾರಿಯೋ ಅಂತಲೇ ಕರೆಯುತ್ತಾನೆ.

ಕನ್ನಡದಲ್ಲಿ ಸಿಗುತ್ತದಾ?

ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರು ಇದನ್ನು ‘ದ್ವಾದಶ ರಾತ್ರಿ’ ಎಂಬ ಹೆಸರಿನಲ್ಲಿ ಕನ್ನಡಕ್ಕೆ ತಂದಿದ್ದಾರೆ. ಹಳೆಯ ಗ್ರಂಥಾಲಯಗಳಲ್ಲಿ ಹುಡುಕಿ ನೋಡಿ.

ಪೂರ್ತಿ ಓದಲು ಟೈಮ್ ಇಲ್ಲ. ಯಾವ ಭಾಗ ಬಿಡಬಾರದು?

ಮೊದಲ ಅಂಕದ ಐದನೇ ದೃಶ್ಯ, ಒಲಿವಿಯಾ ಮುಸುಕು ತೆಗೆಯುವುದು. ಎರಡನೇ ಅಂಕದ ನಾಲ್ಕು ಮತ್ತು ಐದನೇ ದೃಶ್ಯ, ವಯೋಲಾ ಹೇಳುವ ಕಥೆ ಮತ್ತು ಸುಳ್ಳು ಪತ್ರ. ನಾಲ್ಕನೇ ಅಂಕದ ಎರಡನೇ ದೃಶ್ಯ, ಕತ್ತಲ ಕೋಣೆ. ಐದನೇ ಅಂಕ ಪೂರ್ತಿ ಓದಿ, ಅದು ಇರುವುದೇ ಒಂದು ದೃಶ್ಯ. ಇಂಗ್ಲಿಷ್ ಕಷ್ಟ ಅನಿಸಿದರೆ ಗಟ್ಟಿಯಾಗಿ ಓದಿ. ನಾಟಕದ ಅರ್ಧಕ್ಕಿಂತ ಹೆಚ್ಚು ಭಾಗ ಗದ್ಯದಲ್ಲೇ ಇದೆ, ಬಾಯಿಗೆ ಬಂದಾಗ ಅರ್ಥ ಬೇಗ ಬಿಚ್ಚಿಕೊಳ್ಳುತ್ತದೆ.